ಅರ್ಲಿ ಇಂಟರ್ವೆನ್ಷನ್‌ನಿಂದ ಪ್ರಿಸ್ಕೂಲ್‌ಗೆ: ನಾವು ಪಡೆದ ಸೇವೆಯ ಒಂದು ವಿಮರ್ಶೆ

ಅಂಗವೈಕಲ್ಯವಿರುವ ಅಥವಾ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಮೂರು ವರ್ಷ ತುಂಬಿದೊಡನೆ, ಅಮೆರಿಕದ ಹೆಚ್ಚಿನ ಕಡೆಗಳಲ್ಲಿ, ಅಲ್ಲಿಯವರೆಗೆ ಮನೆಗೆ ಬರುತ್ತಿದ್ದ ಥೆರಪಿಸ್ಟ್‌ಗಳ ಭೇಟಿ ನಿಂತುಹೋಗಿ, ಮಗುವಿನ ಹೊಣೆ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಸೇರುತ್ತದೆ. ನಮ್ಮ ಮಗ ಕಳೆದ ವರ್ಷ ಈ ಹೊಸ್ತಿಲನ್ನು ದಾಟಿದ. ಇಂಥ ಮಕ್ಕಳಿಗೆ ಮೂರು ವರ್ಷದವರೆಗೆ ನೆರವಾಗುವ ಅರ್ಲಿ ಇಂಟರ್ವೆನ್ಷನ್ ಕಾರ್ಯಕ್ರಮ ಮತ್ತು ಸ್ಕೂಲ್ ಡಿಸ್ಟ್ರಿಕ್ಟ್ ಎರಡೂ ಸೇರಿ ಅವನನ್ನು ದಾಟಿಸಿದ ಸೇವೆ ಹೇಗಿತ್ತು ಎಂಬುದನ್ನು, ಇದೇ ದಾರಿಯಲ್ಲಿರುವ ಇತರ ಕನ್ನಡ ಕುಟುಂಬಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾಂಕ ಮತ್ತು ಕಾಗದಪತ್ರಗಳ ಮಟ್ಟಿಗೆ ಈ ಸೇವೆಯನ್ನು ನಂಬಬಹುದು. ಆದರೆ ಮಗುವಿನ ಬಗ್ಗೆ ಒಂದು ತಂಡ ಒಂದೂವರೆ ವರ್ಷ ಕೂಡಿಟ್ಟ ತಿಳಿವಳಿಕೆಯನ್ನು ಇನ್ನೊಂದು ತಂಡಕ್ಕೆ ಒಪ್ಪಿಸುವ ಕೆಲಸ ತಾನಾಗಿ ಆಗುವುದಿಲ್ಲ, ಅದನ್ನು ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ನಮ್ಮ ಮಗನ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಮಾತು ಸಹ ತಡ. ಅವನಿಗೆ 16 ತಿಂಗಳಾಗಿದ್ದಾಗ ಅರ್ಲಿ ಇಂಟರ್ವೆನ್ಷನ್ ಆರಂಭವಾಯಿತು. ವಾರಕ್ಕೊಮ್ಮೆ ಬರುತ್ತಿದ್ದ ಥೆರಪಿಸ್ಟ್ ನಮ್ಮ ನಡುಮನೆಯ ನೆಲದ ಮೇಲೆ ಕುಳಿತು, ಮಗುವಿಗೆ ಕಲಿಸಿದ್ದಕ್ಕಿಂತ ಹೆಚ್ಚಾಗಿ ನನಗೂ ನಮ್ಮ ಅತ್ತೆಯವರಿಗೂ ಕಲಿಸಿದರು. ಈ ಸೇವೆಗೆ ಆಧಾರವಾಗಿರುವ ಐಎಫ್‌ಎಸ್‌ಪಿ ಎಂಬ ಯೋಜನೆಯೇ ಇಡೀ ಕುಟುಂಬವನ್ನು ಮುಂದಿಟ್ಟುಕೊಂಡು ಬರೆಯುವಂಥದ್ದು. ಪ್ರಿಸ್ಕೂಲ್‌ಗೆ ಹೋದ ಮೇಲೆ ಅದರ ಜಾಗಕ್ಕೆ ಬರುವ ಐಇಪಿ ಮಗುವಿನ ಶಿಕ್ಷಣವನ್ನು ಮುಂದಿಟ್ಟುಕೊಳ್ಳುತ್ತದೆ; ಥೆರಪಿ ಅಲ್ಲಿ ಕಲಿಕೆಗೆ ಪೂರಕವಾದ ಸೇವೆಯಾಗಿ ಮಾತ್ರ ಸಿಗುತ್ತದೆ. ಹೆಸರಷ್ಟೇ ಬದಲಾಗುತ್ತದೆ ಎಂದುಕೊಂಡಿದ್ದ ನಮಗೆ ಈ ವ್ಯತ್ಯಾಸ ಅರ್ಥವಾಗಲು ಬಹಳ ದಿನ ಹಿಡಿಯಿತು.

ಕಾನೂನಿನ ಚೌಕಟ್ಟು ಗಟ್ಟಿಯಾಗಿದೆ. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಬಂದ ಕಾಯ್ದೆಗೆ 1986ರಲ್ಲಿ ತಿದ್ದುಪಡಿಯಾದಾಗ ಹಸುಗೂಸುಗಳಿಂದ ಮೂರು ವರ್ಷದೊಳಗಿನ ಮಕ್ಕಳವರೆಗಿನ ಈ ಅರ್ಲಿ ಇಂಟರ್ವೆನ್ಷನ್ ಕಾರ್ಯಕ್ರಮ ಹುಟ್ಟಿತು. ಮೂರರಿಂದ ಐದು ವರ್ಷದ ಮಕ್ಕಳ ಪ್ರಿಸ್ಕೂಲ್ ಸೇವೆಗೆ ಬಲ ಬಂದದ್ದೂ ಅದೇ ತಿದ್ದುಪಡಿಯಿಂದ. ಈಗ ಐಡಿಇಎ ಎಂದು ಕರೆಯಲಾಗುವ ಆ ಕಾಯ್ದೆಯ ಪ್ರಕಾರ, ತಂದೆತಾಯಿ ಒಪ್ಪಿದರೆ, ಮೂರನೇ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮೊದಲು ಎರಡೂ ಕಡೆಯವರನ್ನು ಸೇರಿಸಿ ಸಭೆ ನಡೆಸಬೇಕು. ಎಲ್ಲರಿಗೂ ಸಮ್ಮತವಾದರೆ ಅದನ್ನು ಒಂಬತ್ತು ತಿಂಗಳು ಮೊದಲೇ ಇಟ್ಟುಕೊಳ್ಳಬಹುದು. ಮಗು ಅರ್ಹವೆಂದು ತೀರ್ಮಾನವಾದರೆ ಹುಟ್ಟುಹಬ್ಬದೊಳಗೆ ಐಇಪಿ ಸಿದ್ಧವಾಗಿರಬೇಕು. ಹುಟ್ಟುಹಬ್ಬ ಬೇಸಿಗೆ ರಜೆಯಲ್ಲಿ ಬಂದರೆ ಸೇವೆ ಯಾವಾಗ ಶುರುವಾಗಬೇಕೆಂಬುದನ್ನು ಐಇಪಿ ತಂಡ ನಿರ್ಧರಿಸುತ್ತದೆ. ಅರ್ಲಿ ಇಂಟರ್ವೆನ್ಷನ್ ಕಡೆಯಿಂದ ನಮ್ಮ ಸೇವೆಗಳನ್ನು ಹೊಂದಿಸುತ್ತಿದ್ದ ಸರ್ವಿಸ್ ಕೋಆರ್ಡಿನೇಟರ್ ಈ ಯಾವ ಗಡುವನ್ನೂ ತಪ್ಪಿಸಲಿಲ್ಲ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳಾಗಿದ್ದಾಗಲೇ ಅವರು ಸಭೆ ಕರೆದರು, ಪ್ರತಿ ಒಪ್ಪಿಗೆ ಪತ್ರವನ್ನೂ ಸಹಿಗೆ ಮುನ್ನ ಓದಿ ವಿವರಿಸಿದರು, ಮತ್ತು ಸಹಿ ಹಾಕಲು ಅವಸರ ಪಡಿಸಲಿಲ್ಲ. ಆ ತಾಳ್ಮೆಗೆ ನಾನು ಇಂದಿಗೂ ಋಣಿ.

ತೊಡಕು ಕಾಣಿಸಿಕೊಂಡದ್ದು ಸ್ಕೂಲ್ ಡಿಸ್ಟ್ರಿಕ್ಟ್ ನಡೆಸಿದ ಮೌಲ್ಯಮಾಪನದಲ್ಲಿ. ಅರ್ಲಿ ಇಂಟರ್ವೆನ್ಷನ್‌ನಲ್ಲಿ ಅರ್ಹತೆ ಪಡೆದ ಮಗು ಪ್ರಿಸ್ಕೂಲ್ ಸೇವೆಗೂ ಅರ್ಹವೇ ಆಗುತ್ತದೆ ಎಂದಿಲ್ಲ. ಮಾನದಂಡ ಬೇರೆ, ಪರೀಕ್ಷೆ ಹೊಸದು. ಅಂದು ಪರಿಚಯವಿಲ್ಲದ ಕೋಣೆಯಲ್ಲಿ, ಪರಿಚಯವಿಲ್ಲದ ಇಬ್ಬರ ಎದುರು, ಮಗ ಒಂದು ಕೆಂಪು ಚೆಂಡನ್ನು ಎರಡು ಕೈಯಲ್ಲಿ ಹಿಡಿದು ಕುಳಿತಿದ್ದ. ಚೆಂಡನ್ನು ಕೊಡು ಎಂದು ಅವರು ಇಂಗ್ಲಿಷಿನಲ್ಲಿ ಮೂರು ಬಾರಿ ಕೇಳಿದರು. ಅವನು ಅವರ ಮುಖವನ್ನೇ ನೋಡುತ್ತಿದ್ದನೇ ಹೊರತು ಕೈ ಮುಂದೆ ಮಾಡಲಿಲ್ಲ, ಮತ್ತು ಹಾಳೆಯ ಮೇಲೆ ಒಂದು ಗುರುತು ಬಿತ್ತು. ನಾನು ತಡೆಯಲಾರದೆ "ಚೆಂಡು ಕೊಡು ಪುಟ್ಟ" ಎಂದೆ. ಅವನು ಬಾಗಿ ಅದನ್ನು ಅವರ ಅಂಗೈಯಲ್ಲಿಟ್ಟ. ಗುರುತು ಮಾತ್ರ ಬದಲಾಗಲಿಲ್ಲ.

ಮನೆಯಲ್ಲಿ ಅಜ್ಜಿಯ ಮಾತನ್ನೇ ಕೇಳಿ ಬೆಳೆಯುತ್ತಿರುವ ಮಗುವಿಗೆ ಬಾ, ಕೊಡು, ಸಾಕು, ಬೇಡ ಎಂಬವು ಅರ್ಥವಾಗುವ ಮಾತುಗಳು. ಸಾಧ್ಯವಿರುವಲ್ಲೆಲ್ಲ ಮೌಲ್ಯಮಾಪನವನ್ನು ಮಗುವಿನ ಮನೆಮಾತಿನಲ್ಲೇ ನಡೆಸಬೇಕೆಂದು ಕಾನೂನು ಹೇಳುತ್ತದೆ. ಇಂಗ್ಲಿಷ್ ಬಾರದಿರುವುದನ್ನೇ ಮುಖ್ಯ ಕಾರಣವಾಗಿಟ್ಟುಕೊಂಡು ಮಗುವನ್ನು ಅಂಗವಿಕಲವೆಂದು ನಿರ್ಧರಿಸುವಂತೆಯೂ ಇಲ್ಲ. ನಮ್ಮ ಮನೆಮಾತು ಯಾವುದೆಂದು ಅರ್ಜಿಯ ಮೊದಲ ಪುಟದಲ್ಲೇ ಬರೆದಿದ್ದರೂ ಅದನ್ನು ಯಾರೂ ಗಮನಿಸಿರಲಿಲ್ಲ. ನಾವು ಲಿಖಿತವಾಗಿ ಕೇಳಿದ ಮೇಲೆ ಎರಡನೆಯ ಬಾರಿ, ವಿಡಿಯೋ ಕರೆಯಲ್ಲಿ ಕನ್ನಡದ ದುಭಾಷಿಯೊಬ್ಬರನ್ನು ಇಟ್ಟುಕೊಂಡು ಪರೀಕ್ಷೆ ನಡೆಯಿತು. ಅನುವಾದಿಸಿ ಕೇಳಿದ ಪ್ರಶ್ನೆಗಳ ಅಂಕಗಳನ್ನು ಇತರ ಮಕ್ಕಳ ಅಂಕಗಳೊಂದಿಗೆ ಹೋಲಿಸಲು ಬರುವುದಿಲ್ಲವಾದ್ದರಿಂದ, ಪರೀಕ್ಷಕರು ಮಗ ಏನು ಮಾಡಿದ, ಹೇಗೆ ಮಾಡಿದ ಎಂಬುದನ್ನು ವಾಕ್ಯಗಳಲ್ಲಿ ಬರೆದರು. ಆ ವರದಿಯನ್ನು ಓದಿದಾಗ ಅದರಲ್ಲಿ ನಮ್ಮ ಮಗುವಿನ ಗುರುತು ನಮಗೆ ಸಿಕ್ಕಿತು. ಎರಡು ವಾರ ತಡವಾದರೂ ಕೇಳಿದ್ದು ಸರಿಯಾಯಿತು. ಕನ್ನಡ ಮಾತನಾಡುವ ಮನೆಗಳಿಗೆ ನಾನು ಒತ್ತಿ ಹೇಳುವ ಸಂಗತಿ ಇದು: ದುಭಾಷಿ ಬೇಕೆಂದು ಮೌಲ್ಯಮಾಪನದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಬರೆದು ಕೊಡಿ, ನಿಮಗೆ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಸರಿ. ಮಾತು ಮಗುವಿನದು.

ಐಇಪಿ ಸಭೆಯ ಬಗ್ಗೆ ಒಂದೇ ಒಂದು ವಿಷಯ ತಿಳಿದಿರಬೇಕು. ಮೊದಲ ಐಇಪಿ ಸಭೆಗೆ ಅರ್ಲಿ ಇಂಟರ್ವೆನ್ಷನ್‌ನ ಸರ್ವಿಸ್ ಕೋಆರ್ಡಿನೇಟರ್ ಅವರನ್ನು ಸ್ಕೂಲ್ ಡಿಸ್ಟ್ರಿಕ್ಟ್ ಆಹ್ವಾನಿಸಬೇಕು, ಆದರೆ ತಂದೆತಾಯಿ ಕೇಳಿಕೊಂಡರೆ ಮಾತ್ರ. ನಮಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೈಗೆ ಕೊಟ್ಟ ಪುಸ್ತಿಕೆಯ ಸಣ್ಣ ಅಕ್ಷರಗಳಲ್ಲಿ ನನ್ನ ಗಂಡನ ಕಣ್ಣಿಗೆ ಬಿತ್ತು. ಕೋಆರ್ಡಿನೇಟರ್ ಬಂದದ್ದರಿಂದ ಸಭೆಯ ಸ್ವರೂಪವೇ ಬದಲಾಯಿತು. ಮೇಜಿನ ಸುತ್ತ ಇದ್ದ ಆರು ಜನರಲ್ಲಿ, ನಮ್ಮಿಬ್ಬರನ್ನು ಬಿಟ್ಟರೆ, ಮಗ ನಗುವುದನ್ನು ಕಂಡಿದ್ದವರು ಅವರೊಬ್ಬರೇ.

ಇನ್ನು ತರಗತಿಯ ಭೇಟಿ. ಶಾಲೆ ಶುರುವಾಗುವ ಮುನ್ನ ಒಂದು ಬೆಳಿಗ್ಗೆ ಮಗನನ್ನು ಕರೆದುಕೊಂಡು ಬರಲು ಹೇಳಿದರು, ಮತ್ತು ನಮ್ಮ ಹಳೆಯ ಥೆರಪಿಸ್ಟ್ ತಮ್ಮ ಕೊನೆಯ ವಾರದ ಭೇಟಿಯನ್ನು ಮನೆಯ ಬದಲು ಅಲ್ಲಿಗೆ ಹೊಂದಿಸಿಕೊಂಡರು. ತರಗತಿ ಬೆಳಕಾಗಿತ್ತು, ಶಿಕ್ಷಕಿ ಸೌಮ್ಯ ಸ್ವಭಾವದವರು. ಚಿತ್ರದ ಕಾರ್ಡುಗಳ ಆಟಕ್ಕೆ ಮಗನನ್ನು ಎಲ್ಲ ಮಕ್ಕಳಂತೆ ಒಂದು ಕುರ್ಚಿಯಲ್ಲಿ ಕೂರಿಸಿದರು. ಅವನ ಪಾದಗಳು ನೆಲಕ್ಕೆ ನಾಲ್ಕು ಬೆರಳಿನಷ್ಟು ಮೇಲೆ ತೂಗಾಡುತ್ತಿದ್ದವು. ಕಾರ್ಡು ಹಿಡಿಯಲು ಹೋದಾಗಲೆಲ್ಲ ಮೈ ಒಂದು ಕಡೆ ವಾಲುತ್ತಿತ್ತು, ಬೀಳದಿರಲು ಒಂದು ಕೈ ಮೇಜಿನ ಅಂಚನ್ನು ಹಿಡಿಯುತ್ತಿತ್ತು, ಕಾರ್ಡು ಜಾರುತ್ತಿತ್ತು. ಅವನಿಗೆ ಆಟದಲ್ಲಿ ಆಸಕ್ತಿ ಇಲ್ಲವೇನೋ ಎಂದು ಶಿಕ್ಷಕಿ ಮೆಲ್ಲಗೆ ಕೇಳಿದರು. ಥೆರಪಿಸ್ಟ್ ಉತ್ತರಿಸದೆ, ಮೂಲೆಯಲ್ಲಿದ್ದ ಮರದ ಇಟ್ಟಿಗೆಗಳ ಚಪ್ಪಟೆ ಪೆಟ್ಟಿಗೆಯೊಂದನ್ನು ತಂದು ಅವನ ಪಾದಗಳ ಕೆಳಗಿಟ್ಟರು. ಪಾದ ಊರಿದೊಡನೆ ಬೆನ್ನು ನೆಟ್ಟಗಾಯಿತು, ಎರಡೂ ಕೈಗಳು ಬಿಡುವಾದವು, ಮತ್ತು ಮಗ ಆನೆಯ ಕಾರ್ಡನ್ನು ಎತ್ತಿ ಶಿಕ್ಷಕಿಯತ್ತ ಚಾಚಿದ. ಪಾದಕ್ಕೆ ಆಸರೆ ಬೇಕೆಂಬುದು ನಾವು ಹಸ್ತಾಂತರಿಸಿದ ದಪ್ಪ ಕಡತದಲ್ಲಿ ಎಲ್ಲೋ ಇತ್ತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಅದು ಶಿಕ್ಷಕಿಯ ತಿಳಿವಳಿಕೆಯಾಯಿತು.

ಹಳೆಯ ಥೆರಪಿಸ್ಟ್ ಹೊಸ ತರಗತಿಗೆ ಬಂದದ್ದು ಅವರ ಒಳ್ಳೆಯತನದಿಂದ. ನಮ್ಮಲ್ಲಿ ಅದು ಸೇವೆಯ ಭಾಗವಾಗಿರಲಿಲ್ಲ, ಮತ್ತು ಈ ಇಡೀ ವ್ಯವಸ್ಥೆಯಲ್ಲಿ ನಾನು ಕಂಡ ದೊಡ್ಡ ಕೊರತೆ ಅದೇ. ಐಎಫ್‌ಎಸ್‌ಪಿಯಲ್ಲಿ ದಾಟುವಿಕೆಯ ಹೆಜ್ಜೆಗಳನ್ನು ಬರೆಯುವುದು ಕಡ್ಡಾಯ. ಅಲ್ಲಿಯೇ ಇಂಥದೊಂದು ಜಂಟಿ ಭೇಟಿಯನ್ನು ಸೇರಿಸಿ ಎಂದು ಕೇಳಲು ತಂದೆತಾಯಿಗೆ ಅವಕಾಶವಿದೆ. ನಾವು ಕೇಳಲಿಲ್ಲ, ಏಕೆಂದರೆ ಕೇಳಬಹುದೆಂದು ನಮಗೆ ಹೊಳೆದಿರಲಿಲ್ಲ. ಅಂಗವಿಕಲ ಮಕ್ಕಳ ತಂದೆತಾಯಿಗೆ ನೆರವಾಗುವ ಪೇರೆಂಟ್ ಸೆಂಟರ್ ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದಿದ್ದು, ಇಂಥ ಪ್ರಶ್ನೆಗಳಿಗೆ ಉಚಿತವಾಗಿ ಉತ್ತರಿಸುತ್ತದೆ. ನಾವು ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ, ಮಾಡಬೇಕಾಗಿದ್ದದ್ದು ಮೊದಲ ಸಭೆಗೂ ಮುಂಚೆ.

ಐಎಫ್‌ಎಸ್‌ಪಿಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸುತ್ತಿದ್ದರು. ಐಇಪಿಗೆ ವರ್ಷಕ್ಕೊಮ್ಮೆಯೇ ಪರಿಶೀಲನೆ. ಆದರೆ ನಡುವೆ ಯಾವಾಗ ಬೇಕಾದರೂ ಸಭೆ ಕರೆಯಿರೆಂದು ನಾವು ಕೇಳಬಹುದು. ಶಾಲೆ ಶುರುವಾಗಿ ಆರು ವಾರಕ್ಕೆ ಶಿಕ್ಷಕಿ ಕೆಲವು ದಿನ ರಜೆ ಹಾಕಿದಾಗ, ಬದಲಿಗೆ ಬಂದವರಿಗೆ ಆ ಪೆಟ್ಟಿಗೆ ಏತಕ್ಕೆಂದು ತಿಳಿಯದೆ ಅದು ಮತ್ತೆ ಮೂಲೆ ಸೇರಿತ್ತು. ಮರುದಿನವೇ ನಾವು ಸಭೆ ಕೇಳಿದೆವು. ಕುಳಿತು ಮಾಡುವ ಪ್ರತಿ ಚಟುವಟಿಕೆಯಲ್ಲೂ ಪಾದಗಳಿಗೆ ಆಸರೆ ಕೊಡಬೇಕೆಂಬ ಒಂದು ಸಾಲು ಈಗ ಅವನ ಐಇಪಿಯಲ್ಲಿದೆ, ಅದರ ಕೆಳಗೆ ಅವನಿಗೆ ಅರ್ಥವಾಗುವ ಹನ್ನೊಂದು ಕನ್ನಡ ಮಾತುಗಳ ಪಟ್ಟಿಯೂ ಇದೆ.