ನಾಲ್ಕು ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್: ಮದುವೆ ಸ್ಟುಡಿಯೋದಲ್ಲಿ ಆರು ವರ್ಷ

ಹೋದ ತಿಂಗಳು ಕುಣಿಗಲ್ ಕಡೆಯ ಹೆಣ್ಣುಮಗಳೊಬ್ಬರು ನಮ್ಮ ಸ್ಟುಡಿಯೋಗೆ ಬಂದಿದ್ದರು. ಅವರ ಮದುವೆಯ ಫೋಟೋ ತೆಗೆದಿದ್ದು 2019ರಲ್ಲಿ. "ಅಣ್ಣ, ಅಪ್ಪ ತೀರಿಕೊಂಡರು. ಧಾರೆ ಎರೆಯುವಾಗ ಅವರ ಮುಖ ಚೆನ್ನಾಗಿ ಕಾಣುವ ಫೋಟೋ ಒಂದು ಬೇಕು. ಆಲ್ಬಮಿನಲ್ಲಿ ಇರುವುದರಲ್ಲಿ ತಲೆ ಬಗ್ಗಿಸಿದ್ದಾರೆ" ಎಂದರು. ಆಲ್ಬಮಿಗೆ ಹೋಗದೆ ಉಳಿದ ಎರಡು ಸಾವಿರ ಫೋಟೋಗಳು ಬೀರುವಿನಲ್ಲಿದ್ದ ಮೊದಲನೆಯ ಡಿಸ್ಕಿನಲ್ಲಿದ್ದವು. ಕೇಬಲ್ ಸಿಕ್ಕಿಸಿದೆ. ಮಾಹಿತಿ ಬರೆದಿಡುವ ಒಳಗಿನ ತಟ್ಟೆ ತಿರುಗುವ ಸಣ್ಣ ಸದ್ದು ಬಂತು. ಐದು ನಿಮಿಷದಲ್ಲಿ ಅವರ ತಂದೆ ಪರದೆಯ ಮೇಲಿದ್ದರು. ಈ ವಿಮರ್ಶೆ ಬರೆಯಬೇಕು ಎನ್ನಿಸಿದ್ದು ಅಂದೇ.

ತುಮಕೂರಿನಲ್ಲಿ ನನ್ನ ಸ್ಟುಡಿಯೋ. ಗುಬ್ಬಿ, ಶಿರಾ, ತಿಪಟೂರು ಕಡೆಯ ಮದುವೆಗಳಿಗೆ ಹೋಗುತ್ತೇವೆ. 2019ರಿಂದ ಒಂದೇ ಮಾದರಿಯ 4 ಟಿಬಿ ಡಿಸ್ಕುಗಳನ್ನು ಕೊಳ್ಳುತ್ತಾ ಬಂದು ಈಗ ಹನ್ನೊಂದಾಗಿವೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳಲಿರುವ ಗುಣದೋಷಗಳು ಈ ಬಗೆಯ ಡಿಸ್ಕುಗಳ ಒಳರಚನೆಯಿಂದಲೇ ಬಂದವು. ಯಾವ ಹೆಸರಿನದನ್ನು ಕೊಂಡರೂ ಬಹುಪಾಲು ಇವೇ ಎದುರಾಗುತ್ತವೆ.

ಮೊದಲು ಒಂದು ಅನುಮಾನ ನಿವಾರಿಸಿಬಿಡುತ್ತೇನೆ. 4 ಟಿಬಿ ಎಂದು ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ 3.63 ಟಿಬಿ ಎಂದು ತೋರಿಸುತ್ತದೆ. ಇದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ವಿಡಿಯೋ ಸೇರಿದ ಮದುವೆಯೊಂದಕ್ಕೆ ನಮಗೆ 200 ಜಿಬಿ ಬೇಕು. ಹಾಗಾಗಿ ಒಂದು ಡಿಸ್ಕಿನಲ್ಲಿ ಹದಿನೆಂಟು ಮದುವೆ ಹಿಡಿಸುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಆದರೂ ಅದು ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ. ನನ್ನ ಕ್ಯಾಮೆರಾದ ಒಂದೇ ಒಂದು ರಾ (ಸಂಸ್ಕರಿಸದ ಮೂಲ) ಫೋಟೋ ಕೂಡ ಅದರಲ್ಲಿ ಕೂರುವುದಿಲ್ಲ. ಅದೇ ತತ್ತ್ವ ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ಕೆಲಸ ಮಾಡುತ್ತಿದೆ ಎಂಬುದು ನೆನಪಾದಾಗಲೆಲ್ಲ ಈ ವಸ್ತುವಿನ ಬಗ್ಗೆ ಗೌರವ ಹುಟ್ಟುತ್ತದೆ.

ವೇಗದ ವಿಷಯ. ಹೊಸದರಲ್ಲಿ ಸೆಕೆಂಡಿಗೆ 130 ಎಂಬಿಯಂತೆ ಫೈಲ್ ಹೋಗುತ್ತಿತ್ತು. ಮುಕ್ಕಾಲು ಭಾಗ ತುಂಬಿದ ಮೇಲೆ 80ಕ್ಕೆ ಇಳಿಯಿತು. ಕೆಟ್ಟಿದೆ ಎಂದು ಹೆದರಿದ್ದೆ. ಕಾರಣ ಸರಳ: ತಟ್ಟೆಯ ಹೊರ ಅಂಚಿನ ಸುತ್ತು ಉದ್ದ, ಒಳಗಿನದು ಗಿಡ್ಡ. ತಿರುಗುವ ವೇಗ ಮಾತ್ರ ಒಂದೇ. ಬರವಣಿಗೆ ಹೊರಗಿನಿಂದ ಆರಂಭವಾಗುವುದರಿಂದ, ಒಳಕ್ಕೆ ಹೋದಂತೆ ಒಂದು ಸುತ್ತಿಗೆ ಸಿಗುವ ಮಾಹಿತಿ ಕಡಿಮೆಯಾಗುತ್ತದೆ.

ನಿಜವಾಗಿ ಸತಾಯಿಸಿದ್ದು ಬೇರೆಯದು. ಡಿಸ್ಕಿನ ಮೇಲೆಯೇ ವಿಡಿಯೋ ಎಡಿಟ್ ಮಾಡಲು ಹೊರಟರೆ ಅರ್ಧ ಗಂಟೆಯಲ್ಲಿ ವೇಗ 20 ಎಂಬಿಗೆ ಕುಸಿಯುತ್ತಿತ್ತು. ವಿಚಾರಿಸಿದಾಗ ಗೊತ್ತಾಯಿತು, ಇದು ಎಸ್‌ಎಂಆರ್ ಎಂಬ ಬಗೆಯ ಡಿಸ್ಕ್. ಮಂಗಳೂರು ಹೆಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುತ್ತಾರಲ್ಲ, ಹಾಗೆ ಇದರಲ್ಲಿ ಬರವಣಿಗೆಯ ಸಾಲುಗಳು ಒಂದರ ಮೇಲೊಂದು ಒರಗಿಕೊಂಡಿರುತ್ತವೆ. ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಒರಗಿದವನ್ನೆಲ್ಲ ಎಬ್ಬಿಸಿ ಮತ್ತೆ ಹೊದಿಸಬೇಕು. ಒಮ್ಮೆ ಬರೆದು ಎತ್ತಿಡುವವರಿಗೆ ಇದರಿಂದ ತೊಂದರೆಯಿಲ್ಲ. ಅಳಿಸಿ ಬರೆದು ಮಾಡುವವರಿಗೆ ಇದು ಬೇಡವೇ ಬೇಡ. ಪೆಟ್ಟಿಗೆಯ ಮೇಲೆ ಈ ಮಾತು ಎಲ್ಲಿಯೂ ಇರಲಿಲ್ಲ. ಹಣ ಕೊಟ್ಟು ಕೊಳ್ಳುವವನಿಗೆ ಅದನ್ನು ತಿಳಿಸುವುದು ಮಾರುವವರ ಕರ್ತವ್ಯ ಎಂದೇ ನಾನು ಹೇಳುತ್ತೇನೆ.

ಇನ್ನು 2022ರ ಫೆಬ್ರುವರಿಯ ಘಟನೆ. ಛತ್ರದಲ್ಲಿ ಆರತಕ್ಷತೆ ನಡೆಯುತ್ತಿತ್ತು. ನಮ್ಮ ಹುಡುಗ ಲ್ಯಾಪ್‌ಟಾಪಿಗೆ ಡಿಸ್ಕ್ ಜೋಡಿಸಿ ಕ್ಯಾಮೆರಾದ ಕಾರ್ಡ್ ಕಾಪಿ ಮಾಡುತ್ತಿದ್ದ. ಓಡಾಡುತ್ತಿದ್ದ ಮಗುವಿನ ಕಾಲಿಗೆ ಕೇಬಲ್ ಸಿಕ್ಕಿ, ತಿರುಗುತ್ತಿದ್ದ ಡಿಸ್ಕ್ ಕುರ್ಚಿಯಿಂದ ನೆಲಕ್ಕೆ ಬಿತ್ತು. ಎರಡಡಿ ಎತ್ತರವೂ ಇರಲಿಲ್ಲ. ಎತ್ತಿ ನೋಡಿದರೆ ಟಿಕ್, ಟಿಕ್, ಟಿಕ್.

ಮಾಹಿತಿ ಓದಿ ಬರೆಯುವ ಪುಟ್ಟ ಭಾಗವಾದ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಕರೆಂಟ್ ಹೋದರೆ, ಇನ್ನೂ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಒಂದಿಷ್ಟು ವಿದ್ಯುತ್ ಪಡೆದು ಹೆಡ್ ತನ್ನ ಗೂಡಿಗೆ ಸರಿದು ನಿಲ್ಲುತ್ತದೆ. ಅಷ್ಟು ಎಚ್ಚರದಿಂದ ಕಟ್ಟಿದ್ದಾರೆ. ಆದರೆ ಬೀಳುವುದಕ್ಕೆ ಬೇಕಾದದ್ದು ಅರ್ಧ ಸೆಕೆಂಡೂ ಇಲ್ಲ. ದಯವಿಟ್ಟು ಕೇಳಿ: ಟಿಕ್ ಸದ್ದು ಬಂದ ಡಿಸ್ಕಿಗೆ ಮತ್ತೆ ಮತ್ತೆ ಕರೆಂಟ್ ಕೊಟ್ಟು ನೋಡಬೇಡಿ. ಪ್ರತಿ ಸಲವೂ ಮುರಿದ ಹೆಡ್ ತಟ್ಟೆಯನ್ನು ಗೀರುತ್ತದೆ. ನಾನು ನಾಲ್ಕು ಸಲ ಹಾಗೆ ಮಾಡಿದೆ.

ರೈಲಿನಲ್ಲಿ ಬೆಂಗಳೂರಿಗೆ ಒಯ್ದೆ. ಅಲ್ಲಿ ದೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ಹಾಕಿ ಓದಿಸಿದರು. ಮೂರು ವಾರ ಹಿಡಿಯಿತು, ಡಿಸ್ಕಿನ ಬೆಲೆಯ ಮೂರು ಪಟ್ಟು ಖರ್ಚಾಯಿತು. ಅಂದಿನ ಮದುವೆಯ ಕ್ಯಾಮೆರಾ ಕಾರ್ಡುಗಳು ಕೈಯಲ್ಲಿದ್ದವು. ಆದರೆ ಹಿಂದಿನ ವಾರದ ಮದುವೆಯೊಂದರ ಧಾರೆಯ ವಿಡಿಯೋ ಬರಲೇ ಇಲ್ಲ. ಅವರ ಮನೆಗೆ ಹೋಗಿ ಹೇಳಿದೆ. ವಧುವಿನ ತಾಯಿ ಬೈಯಲಿಲ್ಲ, ಕಾಫಿ ಕೊಟ್ಟು "ಫೋಟೋ ಆದರೂ ಇದೆಯಲ್ಲಪ್ಪ" ಎಂದರು. ಆ ಮಾತು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ವಾರಂಟಿ ಎಂದರೆ ಬೇರೊಂದು ಡಿಸ್ಕ್ ಅಷ್ಟೇ. ಒಳಗಿದ್ದ ಫೋಟೋಗಳಿಗೆ ವಾರಂಟಿ ಎಂಬುದಿಲ್ಲ.

ಅಂದಿನಿಂದ ಛತ್ರದ ಕೆಲಸಕ್ಕೆ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ 1 ಟಿಬಿ ಎಸ್‌ಎಸ್‌ಡಿ ಬಳಸುತ್ತೇನೆ. ತಿರುಗುವ ಭಾಗವೇ ಇಲ್ಲದ ಕಾರಣ ಬಿದ್ದರೂ ಭಯ ಕಡಿಮೆ. ಕಾರ್ಡ್ ಕಾಪಿಯಲ್ಲಿ ಮಾತ್ರ ಹೆಚ್ಚು ಲಾಭ ಕಾಣಲಿಲ್ಲ. ನಮ್ಮ ಎಸ್‌ಡಿ ಕಾರ್ಡೇ ಸೆಕೆಂಡಿಗೆ 90 ಎಂಬಿ ಮೀರಿ ಕೊಡುವುದಿಲ್ಲ. ಎಡಿಟಿಂಗಿನಲ್ಲಿ ವ್ಯತ್ಯಾಸ ಅಗಾಧ. ಹಾಗೆಂದು ಅದರಲ್ಲಿ ಫೋಟೋ ತುಂಬಿ ಬೀರುವಿನಲ್ಲಿ ವರ್ಷಗಟ್ಟಲೆ ಇಡಬೇಡಿ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಉಳಿಯುವುದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಂಶದ ರೂಪದಲ್ಲಿ. ಕಡಿಮೆ ಬೆಲೆಯ ಕ್ಯೂಎಲ್‌ಸಿ ಬಗೆಯಲ್ಲಿ ಒಂದೇ ಕೋಶ 16 ಮಟ್ಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಕರೆಂಟ್ ಇಲ್ಲದೆ ಇಟ್ಟರೆ ಆ ವಿದ್ಯುದಂಶ ಮೆಲ್ಲಗೆ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬರೆದು ಬರೆದು ಆಯುಷ್ಯ ಮುಗಿದ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು ಎಂಬುದು ಈ ಉದ್ಯಮವೇ ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಇಟ್ಟುಕೊಂಡ ಅಳತೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲು ಅದಕ್ಕಿಂತ ಎಷ್ಟೋ ಮೇಲೆ. ಹೊಸ ಎಸ್‌ಎಸ್‌ಡಿ ಹೆಚ್ಚು ಕಾಲ ತಡೆಯುತ್ತದೆ, ಆದರೂ ಎತ್ತಿಡುವುದಕ್ಕೆ ನಾನು ನಂಬುವುದು ಹಾರ್ಡ್ ಡಿಸ್ಕನ್ನೇ.

ಹಾರ್ಡ್ ಡಿಸ್ಕ್ ಬಹಳ ಸಲ ಮುನ್ಸೂಚನೆ ಕೊಡುತ್ತದೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಆ ತಿಂಗಳು ಹನ್ನೊಂದು ಡಿಸ್ಕುಗಳನ್ನೂ ಒಂದೊಂದಾಗಿ ಹೊರತೆಗೆದು 'ಸ್ಮಾರ್ಟ್' ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡುತ್ತೇನೆ. ಉಚಿತ ತಂತ್ರಾಂಶ ಸಾಕು. ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ತಟ್ಟೆಯ ಮೇಲಿನ ಸಣ್ಣ ತುಣುಕುಗಳು) ಎಷ್ಟು, ಓದಲಾಗದೆ ಕಾಯುತ್ತಿರುವವು ಎಷ್ಟು, ಈ ಎರಡು ಅಂಕಿಗಳ ಮೇಲೆ ಕಣ್ಣಿಡಿ. 2024ರಲ್ಲಿ ಐದನೆಯ ಡಿಸ್ಕಿನಲ್ಲಿ ಎರಡನೆಯ ಅಂಕಿ ಸೊನ್ನೆಯಿಂದ 8ಕ್ಕೆ, ಮರುದಿನ 40ಕ್ಕೆ ಏರಿತು. ಆ ರಾತ್ರಿಯೇ ಎಲ್ಲವನ್ನೂ ಬೇರೆಡೆಗೆ ಸಾಗಿಸಿದೆ. ಒಂದು ಫೈಲೂ ಹೋಗಲಿಲ್ಲ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲೋ ಮನೆಯಲ್ಲೋ ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು. ನನ್ನಿಂದ ಪೂರ್ತಿ ಆಗಿಲ್ಲ. ಒಂದು ಪ್ರತಿ ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ, ಆಲ್ಬಮಿಗೆ ಆಯ್ದ ಫೋಟೋಗಳು ಮಾತ್ರ ಕ್ಲೌಡಿನಲ್ಲಿ.

ಇನ್ನೊಂದು ಕೊರತೆ ಹೇಳಲೇಬೇಕು. ಇಂಥ ಹಲವು ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕಿಂಡಿ ಸಡಿಲವಾದರೆ ಬಿಚ್ಚಿ ಕಂಪ್ಯೂಟರಿಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ನನ್ನ ಎರಡು ಡಿಸ್ಕುಗಳ ಕಿಂಡಿ ಈಗಾಗಲೇ ಅಲುಗುತ್ತಿವೆ.

ಹಾಗಾಗಿ ಮುಂದಿನ ಆಷಾಢದಲ್ಲಿ ಹಳೆಯ ನಾಲ್ಕು ಡಿಸ್ಕುಗಳ ಮದುವೆಗಳನ್ನು 3.5 ಅಂಗುಲದ, ಹೆಂಚಿನ ಬಗೆಯದಲ್ಲದ ದೊಡ್ಡ ಡಿಸ್ಕುಗಳಿಗೆ ಸಾಗಿಸುತ್ತೇನೆ. ಮೊದಲು ಹೋಗುವುದು ಕುಣಿಗಲ್‌ನ ಆ ಧಾರೆಯ ಫೋಲ್ಡರ್.