ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆ: ಕಿಟ್ ಒಳ್ಳೆಯದು, ವರದಿ ಸಾಲದು

ಹೊಟ್ಟೆಯುಬ್ಬರ ಎರಡು ವರ್ಷ ಬಿಡದೆ ಕಾಡಿದ್ದರಿಂದ, ಕರುಳಿನ ಬ್ಯಾಕ್ಟೀರಿಯಾ ಸಮುದಾಯದ ವಂಶವಾಹಿಗಳನ್ನು ಓದಿ ವರದಿ ಕೊಡುವ ಕಂಪನಿಯೊಂದರ ಕಿಟ್ಟನ್ನು ಕಳೆದ ಆಷಾಢದಲ್ಲಿ ತೀರ್ಥಹಳ್ಳಿಗೆ ತರಿಸಿಕೊಂಡೆ. ಬೆಲೆ 11,000 ರೂಪಾಯಿ.

ಮಲದ ಮಾದರಿ ಸಂಗ್ರಹದ ವ್ಯವಸ್ಥೆಯನ್ನು ಮನಸಾರೆ ಮೆಚ್ಚುತ್ತೇನೆ. ಹೆಬ್ಬೆರಳಿನಷ್ಟು ಉದ್ದದ ಕೊಳವೆ, ಮುಚ್ಚಳಕ್ಕೇ ಕೂಡಿಸಿದ ಪುಟ್ಟ ಚಮಚ, ಒಳಗೆ ಡಿಎನ್‌ಎ ಕೆಡದಂತೆ ಕಾಪಾಡುವ ದ್ರಾವಣ. ಮಂಡಗದ್ದೆಯ ಬಳಿ ಮರ ಬಿದ್ದು ಶಿವಮೊಗ್ಗ ರಸ್ತೆ ಕಟ್ಟಿಹೋಗಿ ಕೊರಿಯರ್ ತಡವಾದರೂ ಮಾದರಿ ಹಾಳಾಗಲಿಲ್ಲ.

ತೊಡಕಿರುವುದು ವರದಿಯಲ್ಲಿ. ಜಾಹೀರಾತು ಸಂಪೂರ್ಣ ವಂಶವಾಹಿ ವಿಶ್ಲೇಷಣೆಯ ಭರವಸೆ ಕೊಟ್ಟಿತ್ತು. ವರದಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ನೋಡಿದರೆ, ಓದಿದ್ದು 16ಎಸ್ ಎಂಬ ಒಂದೇ ವಂಶವಾಹಿಯನ್ನು. ಅದರಿಂದ ಯಾವ ಕುಲದ ಬ್ಯಾಕ್ಟೀರಿಯಾಗಳಿವೆ ಎಂದು ತಿಳಿಯುತ್ತದೆಯೇ ಹೊರತು, ಅವು ಯಾವ ಕೆಲಸ ಮಾಡಬಲ್ಲವು ಎಂದು ನೇರವಾಗಿ ತಿಳಿಯುವುದಿಲ್ಲ. ಅದಕ್ಕೆ ಮಾದರಿಯಲ್ಲಿರುವ ಒಟ್ಟು ಡಿಎನ್‌ಎಯನ್ನೇ ಓದಬೇಕು. 2010ರಲ್ಲಿ ಯುರೋಪಿನ 124 ಜನರ ಮಲದ ಮಾದರಿಗಳನ್ನು ಹಾಗೆ ಓದಿದಾಗ ಸುಮಾರು 33 ಲಕ್ಷ ವಂಶವಾಹಿಗಳು ದೊರೆತವು. ಪ್ರೋಟೀನು ತಯಾರಿಸುವ ಮನುಷ್ಯನ ಸ್ವಂತ ವಂಶವಾಹಿಗಳಾದರೋ ಸುಮಾರು 20,000 ಮಾತ್ರ. ನಮಗೆ ಜೀರ್ಣವಾಗದ ನಾರನ್ನು ಒಡೆದು, ಕರುಳಿನ ಒಳಪೊರೆಯ ಕೋಶಗಳನ್ನು ಪೋಷಿಸುವ ಬ್ಯುಟಿರೇಟ್ ಅನ್ನು ತಯಾರಿಸುವ ಶಕ್ತಿ ಇರುವುದು ಈ ಬ್ಯಾಕ್ಟೀರಿಯಾ ಭಂಡಾರದಲ್ಲಿಯೇ. ಹೀಗಿರುವಾಗ ನನ್ನ ವರದಿಯಲ್ಲಿ ಬ್ಯುಟಿರೇಟ್ ಸಾಮರ್ಥ್ಯ ಕಡಿಮೆ ಎಂದು ಬರೆದದ್ದು ಅಳೆದು ಹೇಳಿದ ಮಾತಲ್ಲ, ಕುಲದ ಹೆಸರು ನೋಡಿ ಊಹಿಸಿದ್ದು. ಊಹೆಯೆಂದು ಅಲ್ಲೇ ಬರೆದಿದ್ದರೆ ನನಗೆ ತಕರಾರಿರುತ್ತಿರಲಿಲ್ಲ.

ಪ್ರಿವೊಟೆಲ್ಲಾ ಎಂಬ ಕುಲದ ಬ್ಯಾಕ್ಟೀರಿಯಾ ಹೆಚ್ಚಿದೆಯೆಂದು ಕೆಂಪು ಗುರುತು ಹಾಕಿದ್ದರು. ಕಾಳು, ಧಾನ್ಯ, ಸೊಪ್ಪು ಹೆಚ್ಚಾಗಿ ಉಣ್ಣುವ ಭಾರತೀಯರ ಕರುಳಿನಲ್ಲಿ ಅದು ಹೇರಳವಾಗಿರುವುದು ಸಾಮಾನ್ಯ. ಯಾವ ದೇಶದವರ ಮಾದರಿಗೆ ಹೋಲಿಸಿದಿರಿ ಎಂದು ಎರಡು ಸಲ ಕೇಳಿ ಬರೆದರೂ ಉತ್ತರ ಬರಲಿಲ್ಲ. ಆಹಾರದ ಸಲಹೆಯಲ್ಲಿ ಕೇಲ್, ಕ್ವಿನೋವಾ, ಬ್ಲೂಬೆರಿಗಳಿದ್ದವು. ಪತ್ರೊಡೆ, ಕಳಲೆ ಪಲ್ಯ, ಬಸಳೆ, ಹಲಸಿನ ಬೀಜ ಇವೆಲ್ಲ ಮಳೆಗಾಲದ ನಮ್ಮ ಅಡುಗೆಯಲ್ಲೇ ಇರುವ ನಾರು; ಮಲೆನಾಡಿನ ಗ್ರಾಹಕರಿಗೆ ಅದನ್ನು ಹೇಳಬೇಕಿತ್ತು.

ಶಿವಮೊಗ್ಗದ ವೈದ್ಯರು ವರದಿಯನ್ನು ಬದಿಗಿಟ್ಟು, ಹಾಲು ಎಷ್ಟು ಕುಡಿಯುತ್ತೀರಿ ಎಂದು ಕೇಳಿದರು. ಎರಡು ವಾರ ಹಾಲು ಬಿಟ್ಟೆ. ಉಬ್ಬರ ಬಹುಮಟ್ಟಿಗೆ ಇಳಿಯಿತು. ಇನ್ನೂ ಈ ಪರೀಕ್ಷೆ ಮಾಡಿಸಬೇಕೆನ್ನುವವರು, ಒಟ್ಟು ಡಿಎನ್‌ಎ ಓದುತ್ತಾರೆಯೇ, ಹೋಲಿಕೆಗೆ ಭಾರತೀಯರ ಮಾದರಿಗಳಿವೆಯೇ ಎಂಬೆರಡನ್ನು ಹಣ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.