ಚಾಟ್ಸ್‌ವರ್ತ್‌ನ ಕಾರಂಜಿಯೋ, ಸ್ಟೌರ್‌ಹೆಡ್‌ನ ಕೆರೆಯೋ?

ಊರಿಂದ ಬಂದ ಅಪ್ಪ ಅಮ್ಮನಿಗೆ ಇಂಗ್ಲೆಂಡಿನ ಹಳೆಯ ಬಂಗಲೆ, ತೋಟ ತೋರಿಸಬೇಕು, ಇರೋದು ಒಂದೇ ದಿನ, ಎಲ್ಲಿಗೆ ಹೋಗಲಿ ಎಂದು ಗೆಳೆಯರು ಕೇಳುತ್ತಾರೆ. ಅಮ್ಮನ ಜೊತೆ ನಾನು ಎರಡು ಕಡೆ ಹೋಗಿ ಬಂದಿದ್ದೇನೆ.

ಡರ್ಬಿಶೈರಿನ ಚಾಟ್ಸ್‌ವರ್ತ್ 1549ರಿಂದ ಕ್ಯಾವೆಂಡಿಶ್ ಮನೆತನದ್ದು. ತೋಟವೇ 105 ಎಕರೆ. 1844ರಲ್ಲಿ ಇಲ್ಲಿನ ತೋಟಗಾರ ಜೋಸೆಫ್ ಪ್ಯಾಕ್ಸ್ಟನ್ ಗುಡ್ಡದ ಮೇಲೆ ಕೆರೆ ತೋಡಿಸಿದರು. ಅಲ್ಲಿಂದ ಪೈಪಿನಲ್ಲಿ ಇಳಿಯುವ ನೀರಿನ ರಭಸಕ್ಕೇ ಕೆಳಗೆ ಕಾರಂಜಿ ಚಿಮ್ಮುತ್ತದೆ, ಪಂಪ್ ಬೇಕಿಲ್ಲ. ಇಲ್ಲಿ ಗಾಜಿನ ಮನೆ ಕಟ್ಟಿ ಪಳಗಿದ ಕೈಯೇ ಮುಂದೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ದೊಡ್ಡ ಗಾಜಿನ ಕಟ್ಟಡ ರೂಪಿಸಿತು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮಾದರಿ. ಇನ್ನೂ ಒಂದಿದೆ. ಪ್ಯಾಕ್ಸ್ಟನ್ ಇಲ್ಲಿ ಬೆಳೆಸಿದ ಬಾಳೆಗೆ ಯಜಮಾನರ ಹೆಸರೇ ಬಂತು, ಕ್ಯಾವೆಂಡಿಶ್ ಅಂತ. ನಾವು ತಿನ್ನುವ ಪಚ್ಚಬಾಳೆಯೂ ಅದೇ ಗುಂಪಿನದು. ಅಮ್ಮನಿಗೆ ಇದನ್ನು ಹೇಳಿದಾಗ ಅರಮನೆಯಂಥ ಮನೆಗಿಂತ ಈ ಬಾಳೆಯ ಮಾತೇ ಹೆಚ್ಚು ಹಿಡಿಸಿತು.

ಆದರೂ ಒಂದೇ ದಿನ ಇದ್ದರೆ ನಾನು ಸ್ಟೌರ್‌ಹೆಡ್ ಅನ್ನುತ್ತೇನೆ.

ಅದು ವಿಲ್ಟ್‌ಶೈರಿನಲ್ಲಿದೆ. ಹೆನ್ರಿ ಹೋರ್ ಎಂಬ ಬ್ಯಾಂಕರ್ 1740ರ ದಶಕದಲ್ಲಿ ತೋಟದ ಕೆಲಸ ಶುರು ಮಾಡಿದರು. ಸ್ಟೌರ್ ನದಿ ಹುಟ್ಟುವ ಕಣಿವೆಗೆ ಒಡ್ಡು ಹಾಕಿ ಕೆರೆ ಮಾಡಿಸಿದರು. ಕೆರೆಯ ಸುತ್ತ ಕಾಲುದಾರಿ. ಇಲ್ಲಿ ನೀರು ಚಿಮ್ಮುವುದಿಲ್ಲ, ಸುಮ್ನೆ ನಿಂತಿರುತ್ತದೆ. ಮರಗಳ ಸಂದಿಯಲ್ಲಿ ಆಚೆ ದಡದ ಪ್ಯಾಂಥಿಯನ್, ಅಂದರೆ ರೋಮಿನ ಗುಡಿಯ ಮಾದರಿಯ ಕಟ್ಟಡ, ಕಾಣುತ್ತದೆ. ನಾಲ್ಕು ಹೆಜ್ಜೆಗೆ ಮರೆಯಾಗುತ್ತದೆ. ದಾರಿ ತಂಪಾದ ಕಲ್ಲಿನ ಗವಿಯೊಳಗೆ ಇಳಿಯುತ್ತದೆ. ಅಲ್ಲಿ ಮಲಗಿದ ಜಲಕನ್ಯೆಯ ವಿಗ್ರಹ, ಪಕ್ಕದ ಕಿಂಡಿಯಲ್ಲಿ ಮತ್ತೆ ಕೆರೆ. ಅಮ್ಮ ಆ ಕಿಂಡಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದರು. ನಾನೂ ಕರೆಯಲಿಲ್ಲ.

ಮನೆ ಚಿಕ್ಕದು, ಬೇಗ ಮುಗಿಯುತ್ತದೆ. ಆದರೆ ಅದರ ಕತೆ ಮನಸ್ಸಿಗೆ ನಾಟುತ್ತದೆ. ಆಗ ಇಲ್ಲಿದ್ದ ಹೋರ್ ಮನೆತನದ ದಂಪತಿಯ ಒಬ್ಬನೇ ಮಗ 1917ರಲ್ಲಿ ಯುದ್ಧದಲ್ಲಿ ತೀರಿಕೊಂಡ. ವಾರಸುದಾರರಿಲ್ಲದೆ 1946ರಲ್ಲಿ ಅವನ ಅಪ್ಪ ಅಮ್ಮ ಮನೆ, ತೋಟ ಎರಡನ್ನೂ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಕೊಟ್ಟರು. ಟ್ರಸ್ಟಿನ ಸದಸ್ಯರಾಗಿದ್ದರೆ ಟಿಕೆಟ್ ಬೇಡ. ಚಾಟ್ಸ್‌ವರ್ತ್‌ಗೆ ಆ ಸದಸ್ಯತ್ವದ ಕಾರ್ಡ್ ನಡೆಯುವುದಿಲ್ಲ, ಅದನ್ನು ನೋಡಿಕೊಳ್ಳುವುದು ಬೇರೆ ಸಂಸ್ಥೆ.

ಕಾರಿಲ್ಲದಿದ್ದರೆ ಮಾತ್ರ ಚಾಟ್ಸ್‌ವರ್ತ್ ವಾಸಿ. ಶೆಫೀಲ್ಡ್ ಕಡೆಯಿಂದ ಬಸ್ಸಿದೆ. ಸ್ಟೌರ್‌ಹೆಡ್‌ಗೆ ಹೋಗುವವರು ಅಕ್ಟೋಬರಿನಲ್ಲಿ ಎಲೆ ಕೆಂಪಾಗುವಾಗ ಹೋಗಿ. ಗವಿಯಲ್ಲಿ ನೆಲ ಒದ್ದೆ ಇರುತ್ತದೆ, ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.